ಜೇಕು ಕಿತ್ತವನು

ಹುಲ್ಲು ಕೀಳುವುದರಲ್ಲಿ ಏನು ವಿದ್ಯೆ ಇದೆ ಎಂದು ಕೇಳುವವರು ಒಮ್ಮೆ ಕಡಲ ದಂಡೆಯ ಜೇಕನ್ನು ಕಿತ್ತು ನೋಡಬೇಕು. ಮೇಲೆ ಕಾಣುವುದು ಗೇಣುದ್ದದ ಬಿರುಸು ಎಲೆಗಳ ಒಂದು ಕುಚ್ಚು, ಎಲೆಯ ತುದಿಯಲ್ಲಿ ಸೂಜಿ. ಹಿಡಿದು ಎಳೆದರೆ ಕುಚ್ಚಷ್ಟೇ ಕೈಗೆ ಬರುತ್ತದೆ, ಬೆರಳಿನ ಚರ್ಮ ಅದಕ್ಕೆ ಹೋಗುತ್ತದೆ. ಅಸಲು ಜೇಕು ಇರುವುದು ಮರಳಿನ ಕೆಳಗೆ. ಅಲ್ಲಿ ಅದು ದಾರದ ಹಾಗೆ ಅಡ್ಡಡ್ಡ ಹರಿದುಕೊಂಡು ಹೋಗಿರುತ್ತದೆ. ಗೇಣಿಗೊಂದು ಗೆಣ್ಣು, ಗೆಣ್ಣಿನಿಂದ ಮೇಲಕ್ಕೊಂದು ಕುಚ್ಚು, ಕೆಳಕ್ಕೊಂದು ಬೇರು. ದೂರದಿಂದ ನೋಡಿದರೆ ಯಾರೋ ಹಗ್ಗ ಹಿಡಿದು ಸಾಲಾಗಿ ನೆಟ್ಟಿದ್ದಾರೆ ಅನ್ನಿಸುತ್ತದೆ. ಯಾರೂ ನೆಟ್ಟಿಲ್ಲ. ಕೀಳಿಸಲು ಮಾತ್ರ ಜನ ಸಿಗುತ್ತಾರೆ. ನಾನು ಸಿಕ್ಕಿದ್ದೆ.

ಹೋಟೆಲಿನ ಎದುರಿನ ದಂಡೆಯಲ್ಲಿ ಒಂದು ತಿಂಗಳು ಜೇಕು ಕಿತ್ತೆವು. ಅತಿಥಿಗಳು ಬರಿಗಾಲಲ್ಲಿ ನೀರಿಗೆ ಇಳಿಯುವಾಗ ಚುಚ್ಚುತ್ತದೆಯಂತೆ, ಫೋಟೋದಲ್ಲಿ ಕಜ್ಜಿಯ ಹಾಗೆ ಕಾಣುತ್ತದೆಯಂತೆ. “ಹಾಲು ಚೆಲ್ಲಿದ ಹಾಗೆ ಇರಬೇಕು ಮರಳು” ಎಂದಿದ್ದ ತೋಟದ ಮೇಸ್ತ್ರಿ. ಉಳಿದವರು ಸಲಿಕೆ ಹಿಡಿದು ಅಗೆದು ಅಗೆದು ಬೆನ್ನು ಮುರಿದುಕೊಂಡರು. ನಾನು ಕಾಲಿನ ಹೆಬ್ಬೆರಳಿನಿಂದ ಮರಳು ಸರಿಸಿ ಮೊದಲ ಗೆಣ್ಣು ಹುಡುಕುತ್ತಿದ್ದೆ. ಅದರ ಅಡಿಗೆ ಎರಡು ಬೆರಳು ತೂರಿಸಿ ಮೆಲ್ಲಗೆ ಹಿಂದಕ್ಕೆ ನಡೆಯುತ್ತಿದ್ದೆ. ಸಿಟ್ಟಿನಿಂದ ಎಳೆದರೆ ತುಂಡಾಗುತ್ತದೆ. ನಿದ್ದೆಗಣ್ಣಿನಲ್ಲಿ ನಡೆದ ಹಾಗೆ ನಡೆದರೆ ಹೊಲಿಗೆ ಬಿಚ್ಚಿಕೊಂಡ ಹಾಗೆ ಪಟಪಟ ಎನ್ನುತ್ತ ಏಳುತ್ತದೆ, ಹತ್ತು ಹೆಜ್ಜೆ ಉದ್ದದ ಬಳ್ಳಿ ಒಂದೇ ಎಳೆತಕ್ಕೆ. ಎದ್ದ ಬೇರಿನಿಂದ ಒಂದು ವಾಸನೆ ಬರುತ್ತಿತ್ತು, ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ ತೆರೆದಾಗ ಬರುವಂಥದ್ದು. ಆ ವಾಸನೆಯಲ್ಲಿ ನನ್ನ ಸಿಟ್ಟೂ ಸ್ವಲ್ಪ ತೂಕಡಿಸುತ್ತಿತ್ತು.

ನನಗೆ ಸಿಟ್ಟು ಜಾಸ್ತಿ. ಕೆಲಸದವರೆಲ್ಲ ಪಟಾಕಿ ಎಂದು ಕರೆಯುವುದು ಅದಕ್ಕೇ. ಆದರೆ ಆ ತಿಂಗಳು ಮೇಸ್ತ್ರಿ ಎಲ್ಲರ ಮುಂದೆ “ಪಟಾಕಿ ಕೈ ನೋಡ್ರೋ, ಕೂದಲು ಬಾಚಿದ ಹಾಗೆ ಕೀಳ್ತಾನೆ” ಎಂದ. ನನ್ನನ್ನು ಹೊಗಳಿದವರು ಅಷ್ಟಾಗಿ ಯಾರೂ ಇರಲಿಲ್ಲ. ನಾನು ಇನ್ನೂ ಬೇಗಬೇಗ ಕಿತ್ತೆ. ಕಿತ್ತದ್ದನ್ನು ಒಣಗಿಸಿ ಸುಡಬೇಕೆಂದು ಅವನ ಅಪ್ಪಣೆ ಇತ್ತು. ಯಾರು ಸುಡುತ್ತಾರೆ? ಹೋಟೆಲಿನ ಹಿಂಬದಿಯ ಮರಳುಗುಂಡಿಗೆ ತಳ್ಳಿ ಬಂದೆ.

ಹೋಟೆಲಿನ ಪಕ್ಕದ ಗೋಡೆ ದಾಟಿದರೆ ನಮ್ಮ ಅಂಗಳ. ನಮ್ಮ ಎಂದರೆ ಅಕ್ಕ ಭಾವಂದಿರದು, ನಾನು ಅಲ್ಲಿ ಉಣ್ಣುವವನು, ಮಲಗುವವನು. ಅಂಗಳದಲ್ಲಿ ಮೂರು ಸಿಮೆಂಟಿನ ತೊಟ್ಟಿ, ಒಂದು ಬಿಸಿನೀರಿನ ಹಂಡೆ, ಹನ್ನೊಂದು ಸಾಲು ಹಗ್ಗ, ಎರಡು ಇಸ್ತ್ರಿ ಮೇಜಿನ ಒಂದು ಕೋಣೆ. ಹೋಟೆಲಿನ ಬೆಡ್‌ಶೀಟು, ದಿಂಬಿನ ಚೀಲ, ಟವೆಲ್ ಎಲ್ಲ ಇಲ್ಲಿಗೇ ಬರುವುದು. ಅಕ್ಕ ಒಗೆಯುತ್ತಾಳೆ, ಭಾವ ಇಸ್ತ್ರಿ ಮಾಡುತ್ತಾನೆ. ಬೇರೆ ಗಿರಾಕಿಗಳಿಲ್ಲ. ಹೋಟೆಲು ಬಿಟ್ಟರೆ ತೊಟ್ಟಿಯಲ್ಲಿ ಮೀನು ಸಾಕಬೇಕು ಎಂದು ಭಾವ ತಮಾಷೆ ಮಾಡುತ್ತಿದ್ದ.

ಬೆಳಗಿನ ಹತ್ತರ ಹೊತ್ತಿಗೆ ಹನ್ನೊಂದು ಹಗ್ಗವೂ ತುಂಬಿ, ಅಂಗಳದೊಳಗೆ ಬಿಳಿಯ ಓಣಿಗಳಾಗುತ್ತಿದ್ದವು. ಆ ಓಣಿಗಳಲ್ಲಿ ನಡೆದರೆ ಬಿಸಿಲು ಬಿಸಿಲಿನ ಹಾಗಿರುವುದಿಲ್ಲ, ಹಾಲಿನೊಳಗೆ ಕಣ್ಣು ಬಿಟ್ಟ ಹಾಗಿರುತ್ತದೆ. ಆಚೆ ಯಾರೋ ನಡೆದರೆ ನೆರಳು ಮಾತ್ರ ಬಟ್ಟೆಯಿಂದ ಬಟ್ಟೆಗೆ ಜಿಗಿಯುತ್ತದೆ. ಕಡಲಿನ ಸದ್ದು ಎಲ್ಲ ಕಡೆಯಿಂದಲೂ ಬಂದು ಯಾವ ಕಡೆಯದು ಎಂದೇ ತಿಳಿಯುವುದಿಲ್ಲ.

ಗಾಳಿಯ ದಿನಗಳು ಶುರುವಾದವು. ಪ್ರತಿ ವರ್ಷದ್ದೇ ಗಾಳಿ, ದಂಡೆಯ ಮೇಲಿಂದ ಓರೆಯಾಗಿ ನಮ್ಮ ಅಂಗಳಕ್ಕೆ ಬರುವುದು. ಈ ವರ್ಷ ಅದರ ಜೊತೆ ಮರಳು ಬಂತು. ಒದ್ದೆ ಬಟ್ಟೆಗೆ ಮರಳು ತಾಗಿದರೆ ಅಂಟು ಹಚ್ಚಿದ ಹಾಗೆ ಕಚ್ಚಿಕೊಳ್ಳುತ್ತದೆ. ಒಣಗಿದ ಮೇಲೆ ಕೊಡವಿದರೂ ನೂಲಿನ ಸಂದಿಯಲ್ಲಿ ಕೂತಿರುತ್ತದೆ. ಭಾವನ ಇಸ್ತ್ರಿಯ ಕೆಳಗೆ ಕರಕರ ಸದ್ದು.

“ಏನೇ ಇದು, ಬೆಡ್‌ಶೀಟು ಇಸ್ತ್ರಿ ಮಾಡ್ತಿದೀನೋ ಹಪ್ಪಳ ಒತ್ತಿ ಮುರೀತಿದೀನೋ?”

“ಸುಮ್ನಿರಿ. ಈ ಹಾಳು ಗಾಳಿಗೆ ಈ ಸಲ ಏನು ದೆವ್ವ ಹಿಡಿದಿದೆಯೋ. ನಿನ್ನ ಮನೆ ಹಾಳಾಗ!” ಎಂದು ಅಕ್ಕ ಆಕಾಶಕ್ಕೆ ಕೈ ಎತ್ತಿ ಬೈದಳು.

“ಗಾಳಿಗೆ ಮನೆ ಎಲ್ಲಿದೆಯೇ, ಹಾಳಾಗೋಕೆ?”

ಸೋಮವಾರ ಹೋಟೆಲಿನ ಕೋಣೆಗಳ ಉಸ್ತುವಾರಿಯ ಮೇಡಂ ಬಂದರು. ಎತ್ತರದ ಹೆಂಗಸು, ಯಾವಾಗಲೂ ಪಿಸುಮಾತಿನಲ್ಲೇ ಬೈಯುವವರು. ಕೈಯಲ್ಲೊಂದು ಕಪ್ಪು ಬಟ್ಟೆ. ಅದನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ, ಮಡಿಸಿಟ್ಟ ಬೆಡ್‌ಶೀಟೊಂದನ್ನು ಎತ್ತಿ ಅದರ ಮೇಲೆ ಎರಡು ಸಲ ಕೊಡವಿದರು. ಕಪ್ಪು ಬಟ್ಟೆಯ ಮೇಲೆ ನಕ್ಷತ್ರ ಸುರಿದವು.

“ನೋಡಮ್ಮ, ಹಾಸಿಗೆಯಲ್ಲಿ ಮರಳು ಅಂದ್ರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಮೂರು ಕೋಣೆಯವರು ದೂರು ಕೊಟ್ಟಿದಾರೆ. ಪೇಟೆಯ ಮೆಷಿನ್ ಲಾಂಡ್ರಿಯವರು ಬಾಗಿಲಲ್ಲೇ ನಿಂತಿದಾರೆ. ಇನ್ನೆರಡು ಸೋಮವಾರ ಬಂದು ನೋಡ್ತೀನಿ. ಆಮೇಲೆ ನನ್ನ ಕೈಲಿ ಏನೂ ಇಲ್ಲ.”

ಅಕ್ಕ ಹೂಂ ಎಂದಳು. ಮೇಡಂ ಹೋದ ಮೇಲೆ ಆ ಬೆಡ್‌ಶೀಟನ್ನು ಮತ್ತೆ ತೊಟ್ಟಿಗೆ ಹಾಕಿದಳು. ಅವಳ ಅಂಗೈ ಸೋಡಾ ನೀರಿನಲ್ಲಿ ಬೆಂದು ಬೆಂದು ರೇಖೆಗಳೇ ಅಳಿಸಿಹೋಗಿವೆ. ಹದಿನಾಲ್ಕು ವರ್ಷದಿಂದ ಅವಳು ತೊಳೆದ ಬಟ್ಟೆಯಲ್ಲಿ ಯಾರೂ ಒಂದು ಕಲೆ ತೋರಿಸಿದ್ದಿಲ್ಲ.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಹಗ್ಗಗಳ ನಡುವೆ, ಬಟ್ಟೆಯ ನೆರಳಲ್ಲಿ ಅಡ್ಡಾದೆ. ಜೊಂಪು ಹತ್ತಿತು. ಕನಸಿನಲ್ಲೂ ನಾನು ಎಳೆಯುತ್ತಿದ್ದೆ. ಗೆಣ್ಣು, ಗೆಣ್ಣು, ಇನ್ನೊಂದು ಗೆಣ್ಣು, ಬಳ್ಳಿ ಮುಗಿಯಲೇ ಇಲ್ಲ. ಅದು ಹೋಟೆಲಿನ ಅಡಿಯಿಂದ ಬಂತು, ಗೋಡೆಯ ಅಡಿಯಿಂದ ಬಂತು, ಅಕ್ಕನ ತೊಟ್ಟಿಗಳ ಅಡಿಯಿಂದ ಬಂತು. ಒಂದೊಂದು ಗೆಣ್ಣು ಎದ್ದಾಗಲೂ ಮೇಲೆ ಏನೋ ಒಂದು ಸಡಿಲವಾಗುತ್ತಿತ್ತು. ಬಾಗಿಲಿನ ಚಿಲಕ, ಅಕ್ಕನ ಜಡೆ, ಭಾವನ ಅಂಗಿಯ ಗುಂಡಿ. ಕೊನೆಗೆ ಕಡಲೇ ಬಿಚ್ಚಿಕೊಂಡು ಬಂತು, ಒಂದಿಷ್ಟೂ ಸದ್ದಿಲ್ಲದೆ, ಮಡಿಕೆ ಮಡಿಕೆಯಾಗಿ ನನ್ನ ಕಾಲ ಬಳಿ ರಾಶಿ ಬಿತ್ತು.

ಎಚ್ಚರವಾದಾಗ ಕೆನ್ನೆಯ ಒಂದು ಬದಿಯಲ್ಲಿ ಮಾತ್ರ ಮರಳಿತ್ತು. ಎದ್ದು ಗೋಡೆಯ ಆಚೆ ನೋಡಿದೆ. ಹೋಟೆಲಿನ ಎದುರಿನ ದಂಡೆ ಹಾಲು ಚೆಲ್ಲಿದ ಹಾಗೇ ಇತ್ತು, ಮೇಸ್ತ್ರಿ ಕೇಳಿದ ಹಾಗೆ. ಅದರ ಮೇಲೆ ಮೊಣಕಾಲೆತ್ತರದಲ್ಲಿ ಮರಳಿನ ತೆಳು ಹೊಗೆ ಹೊರಟು, ತಡೆಯುವವರಿಲ್ಲದೆ ಹಾವಿನ ಹಾಗೆ ತೆವಳುತ್ತ ನಮ್ಮ ಗೋಡೆಗೆ ಬಂದು, ಗೋಡೆ ಹತ್ತಿ, ಬೆಡ್‌ಶೀಟುಗಳೊಳಗೆ ಇಳಿಯುತ್ತಿತ್ತು. ದಂಡೆಯ ಆ ತುದಿಯಲ್ಲಿ, ನಾವು ಕೀಳದೆ ಬಿಟ್ಟ ಕಡೆ ಜೇಕು ಇನ್ನೂ ಇತ್ತು. ಅಲ್ಲಿ ಮರಳು ಅಲ್ಲಾಡುತ್ತಿರಲಿಲ್ಲ.

ಗಾಳಿ ಅದೇ ಗಾಳಿ. ಕೈ ನನ್ನದು.

ನಾನು ಹೇಳಲಿಲ್ಲ. ಹೇಳಬೇಕಿತ್ತು. ಅಕ್ಕನಿಗೆ ಹೋಟೆಲಿನಲ್ಲಿ ತೋಟದ ಕೆಲಸ ಎಂದಷ್ಟೇ ಹೇಳಿದ್ದೆ, ಅವಳು ಹೂಗಿಡ ಅಂದುಕೊಂಡಿದ್ದಳು. ಯಾರಿಗೂ ತಿಳಿಯದೆ ಸರಿಮಾಡಿಬಿಡೋಣ ಎಂದು ದಂಡೆಯ ಆ ತುದಿಯಿಂದ ಐವತ್ತು ಕುಚ್ಚು ಬೇರು ಸಮೇತ ತಂದೆ. ಗೋಡೆಯ ಪಕ್ಕದ ಮರಳಲ್ಲಿ ಗುಂಡಿ ತೋಡಿ ಒಂದೊಂದನ್ನೂ ನೆಟ್ಟಗೆ ನಿಲ್ಲಿಸಿದೆ. ಗಿಡ ಎಂದರೆ ಕುಂಡದಲ್ಲಿ ನಿಂತದ್ದನ್ನು ನೋಡಿದವರಲ್ಲವೇ ನಾವು. ಅಕ್ಕನ ತೊಟ್ಟಿಯ ಜಾಲಾಡಿದ ನೀರು ತಂದು ಹೊಯ್ದೆ. ಪ್ರತಿ ಬೆಳಿಗ್ಗೆ ಅವುಗಳ ಮೇಲೆ ಕೂತ ಮರಳನ್ನು, ಮಗುವಿನ ಮುಖ ಒರೆಸಿದ ಹಾಗೆ, ಬೆರಳಲ್ಲಿ ಸರಿಸಿ ಬಂದೆ. ನಾಲ್ಕೇ ದಿನಕ್ಕೆ ಐವತ್ತೂ ಹಳದಿಯಾಗಿ ಬಾಗಿದವು.

ಎರಡನೆಯ ಸೋಮವಾರ ಕಪ್ಪು ಬಟ್ಟೆಯ ಮೇಲೆ ಮತ್ತೆ ನಕ್ಷತ್ರ. ಮೇಡಂ ಒಂದು ಬೆರಳು ಎತ್ತಿ ತೋರಿಸಿ ಹೋದರು. ಇನ್ನೊಂದು ವಾರ.

ಆವತ್ತು ನನಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸಿತು. ಯಾರೂ ಸಿಗಲಿಲ್ಲ. ಹೋಟೆಲಿನ ಹಿಂದೆ ನಾನು ತಳ್ಳಿದ್ದ ಜೇಕಿನ ರಾಶಿಯನ್ನಾದರೂ ಒದೆಯೋಣ ಎಂದು ಹೋದೆ. ರಾಶಿ ಇರಲಿಲ್ಲ. ಗುಂಡಿಯೇ ಇರಲಿಲ್ಲ. ಗಾಳಿ ಅದನ್ನು ಮೊಳದೆತ್ತರ ಮರಳಿನಿಂದ ತುಂಬಿ ಮಟ್ಟಸ ಮಾಡಿತ್ತು. ಆ ಮಟ್ಟಸದ ಮೇಲೆಲ್ಲ ಹಸಿರು ಸೂಜಿಗಳು ಏಳುತ್ತಿದ್ದವು. ಒಂದೆರಡಲ್ಲ, ಕಣ್ಣು ಅರೆಮುಚ್ಚಿದರೆ ಇಡೀ ಗುಂಡಿಯ ಮೇಲೆ ಹಸಿರು ಉಸಿರು ಆಡಿದ ಹಾಗೆ. ಕೂತು ಕೈಯಲ್ಲಿ ಮರಳು ತೋಡಿದೆ. ಕೆಳಗೆ ಅದೇ ನಾನು ಕಿತ್ತ ಬಳ್ಳಿ, ಅಡ್ಡ ಮಲಗಿತ್ತು. ಗೆಣ್ಣು ಗೆಣ್ಣಿಗೂ ಬಿಳಿಯ ಹೊಸ ಬೇರು.

ನಾನು ಎತ್ತಿ ನಿಲ್ಲಿಸಿ, ನೀರೆರೆದು, ಮುಖ ಒರೆಸಿದ್ದು ಸತ್ತಿತ್ತು. ಹಾಳಾಗಿ ಹೋಗು ಎಂದು ಹೂತದ್ದು ಬದುಕಿತ್ತು. ಈ ಹುಲ್ಲಿಗೆ ಮೈಮೇಲೆ ಮರಳು ಬೀಳಬೇಕು. ಬಿದ್ದಷ್ಟೂ ಅದು ಏಳುತ್ತದೆ. ನನಗೆ ನಗು ಬಂತು, ಆಮೇಲೆ ಇನ್ನೊಂದು ಬಂತು, ಅದನ್ನು ಬರೆಯುವುದಿಲ್ಲ.

ಇನ್ನು ಗುಟ್ಟಾಗಿ ಮಾಡುವ ಹಾಗಿರಲಿಲ್ಲ. ಬಳ್ಳಿ ಮಲಗಿಸಬೇಕಾದದ್ದು ಹೋಟೆಲಿನ ದಂಡೆಯಲ್ಲೇ, ಎಲ್ಲರ ಕಣ್ಣೆದುರು. ಹೋಟೆಲಿನವರು ಸಿಟ್ಟಾದರೆ ಹೋಗುವುದು ಅಕ್ಕನ ಕೆಲಸ. ಅವಳನ್ನು ಕೇಳದೆ ಅದನ್ನು ಪಣಕ್ಕಿಡಲು ನಾನ್ಯಾರು?

ಅಕ್ಕ ತೊಟ್ಟಿಯ ಬಳಿ ಟವೆಲ್ ಜಾಲಾಡುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಹೇಳುವಾಗ ಅವಳ ಕೈ ನಿಂತಿತು, ನೀರು ಮಾತ್ರ ಅಲ್ಲಾಡುತ್ತಿತ್ತು.

“ನೀನಾ?” ಎಂದಳು.

“ಹೂಂ.”

ಕೈಯಲ್ಲಿದ್ದ ಒದ್ದೆ ಟವೆಲನ್ನು ಬೀಸಿ ನನ್ನ ಹೆಗಲಿಗೆ ಬಾರಿಸಿದಳು. ಒದ್ದೆ ಟವೆಲಿನ ಏಟು ಗೊತ್ತಿಲ್ಲದವರಿಗೆ ಗೊತ್ತಿಲ್ಲ. “ಹದಿನೈದು ದಿನ! ಹದಿನೈದು ದಿನ ನಾನು ಗಾಳಿಗೆ ಬೈದೆನಲ್ಲೋ! ಪಾಪ, ಗಾಳಿ ಏನು ಮಾಡಿತ್ತು? ಮನೇಲೇ ಕೂತು ಊಟ ಮಾಡ್ತಿದ್ದೆಯಲ್ಲೋ ಎದುರಿಗೆ!”

“ಮೇಸ್ತ್ರಿ ಹೇಳಿದ…”

“ಮೇಸ್ತ್ರಿ ಹೇಳಿದ್ನಾ? ಅವನು ಬಾವಿಗೆ ಹಾರು ಅಂದ್ರೆ ಅದನ್ನೂ ಚೆನ್ನಾಗಿ ಹಾರ್ತೀಯ ನೀನು, ಎಲ್ಲರಿಗಿಂತ ಮೊದಲು!”

ಅದು ನಿಜವಾಗಿತ್ತು. ಅದಕ್ಕೇ ನಾಟಿತು. ಇಸ್ತ್ರಿ ಕೋಣೆಯ ಕಿಟಕಿಯಿಂದ ಭಾವ ತಲೆ ಹೊರಹಾಕಿದ. “ಇನ್ನೊಂದು ಕೊಡು ಅವನಿಗೆ. ಒಣಗಿದ ಟವೆಲಲ್ಲಿ ಬೇಡ, ಒದ್ದೇದ್ರಲ್ಲೇ ಕೊಡು. ಕೊಟ್ಟಾದ ಮೇಲೆ ಕೇಳು, ಏನು ಮಾಡಬೇಕು ಅಂತ.”

ಅಕ್ಕ ಕೊಡಲಿಲ್ಲ. ತೊಟ್ಟಿಯ ಅಂಚಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. “ನೆಟ್ಟರೆ ಸೋಮವಾರದೊಳಗೆ ಬೆಳೆಯುತ್ತಾ?”

“ಇಲ್ಲ.”

“ಮತ್ತೆ?”

ಅವಳ ಕಣ್ಣು ಮೂಲೆಯ ಗೋಣಿಚೀಲದ ಮೇಲಿತ್ತು. ಹೋಟೆಲಿನವರು ಬೇಡವೆಂದು ಬಿಸಾಕಿದ ಹರಕು ಬೆಡ್‌ಶೀಟುಗಳು, ನೆಲ ಒರೆಸಲು ಕತ್ತರಿಸಬೇಕೆಂದು ಅವಳು ಕೂಡಿಟ್ಟದ್ದು. “ಮರಳು ಬಟ್ಟೆಗೆ ಬಂದು ಕೂರುತ್ತೆ ಅಲ್ವಾ?” ಎಂದಳು ನಿಧಾನವಾಗಿ. “ಹಾಗಾದ್ರೆ ಅಲ್ಲೇ ಕೂರಲಿ. ದಾರೀಲೇ.”

ಭಾನುವಾರ ಮೇಸ್ತ್ರಿಗೆ ರಜೆ. ಬೆಳಕು ಹರಿಯುತ್ತಿದ್ದ ಹಾಗೆ ಮೂವರೂ ದಂಡೆಗೆ ಇಳಿದೆವು. ಗುಂಡಿಯಿಂದ ನಾನು ಬಳ್ಳಿಗಳನ್ನು ಎಬ್ಬಿಸಿ, ಹೊಸ ಬೇರು ಮುರಿಯದ ಹಾಗೆ ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ಕೀಳುವಾಗ ಹಿಂದಕ್ಕೆ ನಡೆದವನು ಈಗ ಮುಂದಕ್ಕೆ ಬಾಗಿ ನಡೆದೆ. ಗೋಡೆಯ ಮೂಲೆಯಿಂದ ನೀರಿನ ಗೆರೆಯ ಕಡೆಗೆ ಓರೆಯಾಗಿ ಎಂಬತ್ತು ಹೆಜ್ಜೆ. ಅಂಗೈಯಾಳದ ಕಾಲುವೆ, ಅದರೊಳಗೆ ಬಳ್ಳಿ ಮಲಗಿಸುವುದು, ಮೇಲೆ ಮರಳು ಹೊದಿಸುವುದು. ಪಕ್ಕದಲ್ಲಿ ಇನ್ನೊಂದು ಸಾಲು, ಮತ್ತೊಂದು. ಗಾಳಿ ಬರುವ ಬದಿಗೆ ಭಾವ ಗೂಟ ಬಡಿದ, ಅಕ್ಕ ಹರಕು ಬೆಡ್‌ಶೀಟುಗಳನ್ನು ಮೊಣಕಾಲೆತ್ತರಕ್ಕೆ ಗೂಟದಿಂದ ಗೂಟಕ್ಕೆ ಬಿಗಿದು ಕಟ್ಟಿದಳು.

ಬಿಸಿಲೇರಿ ಗಾಳಿ ಬಂತು. ಬೆಡ್‌ಶೀಟುಗಳು ಹೊಟ್ಟೆ ಉಬ್ಬಿಸಿಕೊಂಡು ನಿಂತವು. ದಂಡೆಯ ಮೇಲೆ ಹರಿದು ಬಂದ ಮರಳಿನ ಹೊಗೆ ಅಲ್ಲಿಗೆ ಬಂದು, ಒಂದು ಗಳಿಗೆ ಏನು ಮಾಡಲೂ ತೋಚದವರ ಹಾಗೆ ಸುಳಿದಾಡಿ, ಬಟ್ಟೆಯ ಹಿಂದೆ ಮೆಲ್ಲನೆ ಇಳಿಯಿತು, ಮಲಗಿಸಿದ ಬಳ್ಳಿಗಳ ಮೇಲೆ. ನಾವು ಮೂವರೂ ಕೂತು ಅದನ್ನೇ ನೋಡಿದೆವು. ಮರಳು ಬೀಳುವುದಕ್ಕೂ ಸದ್ದಿದೆ, ಬಹಳ ದೂರದ ಕೋಣೆಯಲ್ಲಿ ಯಾರೋ ಸೀರೆ ಮಡಿಸಿದ ಹಾಗೆ. ಅಕ್ಕ ಒಂದು ಹಿಡಿ ತೆಗೆದುಕೊಂಡು ಬೆರಳ ಸಂದಿಯಿಂದ ಬಿಟ್ಟಳು. ಹದಿನಾಲ್ಕು ವರ್ಷ ಕಡಲ ಪಕ್ಕದಲ್ಲಿದ್ದು ಅವಳು ದಂಡೆಯ ಮೇಲೆ ಸುಮ್ಮನೆ ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಒಂದು ಜೇಕಿನ ಕಾಂಡ ಮುರಿದು ಬೆರಳಲ್ಲಿ ಹೊಸೆದು ನೋಡಿ, “ಇದು ಉರುಳೋದೇ ಇಲ್ವಲ್ಲೋ, ಮೂರು ಮೂಲೆ ಇದೆ” ಎಂದಳು.

“ನಿನ್ನ ತಮ್ಮನಿಗೆ ನಾಲ್ಕಿದೆ” ಎಂದ ಭಾವ.

ಸೋಮವಾರ ಬೆಳಿಗ್ಗೆ ಮೇಡಂ ಬಂದರು. ಕಪ್ಪು ಬಟ್ಟೆ ಹಾಸಿದರು. ಕೊಡವಿದರು. ಬಾಗಿ ನೋಡಿದರು. ಅಲ್ಲೊಂದು ಇಲ್ಲೊಂದು ಮಿನುಗಿತು. ಅಷ್ಟೇ, ಆದರೆ ಮಿನುಗಿತು.

“ಇನ್ನೂ ಇದೆ” ಎಂದರು ಪಿಸುಮಾತಿನಲ್ಲಿ.

ಅಕ್ಕ ತಲೆ ತಗ್ಗಿಸಲಿಲ್ಲ. “ಬನ್ನಿ ಮೇಡಂ, ಒಂದು ನಿಮಿಷ” ಎಂದು ಅವರನ್ನು ಹಿಂದಿನ ಬಾಗಿಲಿನಿಂದ ದಂಡೆಗೆ ಕರೆದುಕೊಂಡು ಹೋದಳು. ನಾನು ಹಿಂದೆಯೇ ಹೋದೆ. ಬಟ್ಟೆಯ ಬೇಲಿಯ ಹಿಂದೆ ರಾತ್ರಿ ಬೆಳಗಾಗುವುದರೊಳಗೆ ಮರಳು ಅಲ್ಲಲ್ಲಿ ಗೇಣೆತ್ತರ ಏರಿತ್ತು. “ಇಷ್ಟು ಮರಳು ನಿಮ್ಮ ಹಾಸಿಗೆಗೆ ಬರಬೇಕಿತ್ತು” ಎಂದಳು ಅಕ್ಕ. “ಈ ಹುಲ್ಲು ಇದ್ದಾಗ ಬರ್ತಿರಲಿಲ್ಲ. ನಿಮ್ಮವರೇ ಕೀಳಿಸಿದ್ರು. ಕಿತ್ತವನು ನನ್ನ ತಮ್ಮ, ಇಲ್ಲೇ ನಿಂತಿದಾನೆ, ನೋಡಿ. ಈಗ ನೀವೇ ಹೇಳಿ ಮೇಡಂ, ಮರಳು ದಂಡೇಲಿರಬೇಕೋ, ಹಾಸಿಗೇಲಿರಬೇಕೋ? ಪೇಟೆಯ ಮೆಷಿನ್ನಲ್ಲಿ ಒಗೆದು ತಂದ್ರೂ ಕಿಟಕಿಯಿಂದ ಬರೋದು ಇದೇ.”

ಮೇಡಂ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದರು. “ಕೋಣೆ ಕಿಟಕಿ ಹಳಿಯಲ್ಲೂ ಮರಳು ತುಂಬ್ತಿದೆ ಅಂತ ಹುಡುಗಿಯರು ಹೇಳ್ತಿದ್ರು” ಎಂದರು, ತಮಗೇ ಹೇಳಿಕೊಂಡ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, “ಎಷ್ಟು ದಿನಕ್ಕೆ ಬೆಳೆಯುತ್ತಪ್ಪ ಇದು?”

“ಗೊತ್ತಿಲ್ಲ ಮೇಡಂ. ಕೀಳೋಕೆ ಒಂದು ತಿಂಗಳು ಹಿಡೀತು.”

ಅಷ್ಟರಲ್ಲಿ ಮೇಸ್ತ್ರಿ ಓಡಿಬಂದ. ದೂರದಿಂದಲೇ ಬಾಯಿ ಶುರುವಾಗಿತ್ತು. “ಯಾರ ಅಪ್ಪಣೆ ಕೇಳಿ ಇದು? ಹರಕು ಬಟ್ಟೆ ನೇತು ಹಾಕಿದ್ದೀರಲ್ಲ, ಇದೇನು ದಂಡೆಯೋ ಆಸ್ಪತ್ರೆಯೋ? ಮೇಡಂ, ಇದು ಬೆಳೆದ್ರೆ ಅತಿಥಿಗಳ ಕಾಲಿಗೆ ಚುಚ್ಚುತ್ತೆ.”

“ಚಪ್ಪಲಿ ಹಾಕ್ಕೊಳ್ಳಲಿ” ಎಂದರು ಮೇಡಂ.

“ಫೋಟೋದಲ್ಲಿ…”

“ಫೋಟೋದಲ್ಲಿ ಯಾರೂ ಮಲಗಲ್ಲ. ನನ್ನ ಕೋಣೆಗಳಲ್ಲಿ ಮರಳು ಇರಬಾರದು. ಅದಕ್ಕೆ ಇದು ಬೇಕು ಅಂದ್ರೆ ಇದು ಇರುತ್ತೆ. ಮೇಲಿನವರ ಹತ್ರ ನಾನು ಮಾತಾಡ್ತೀನಿ.” ಅಕ್ಕನ ಕಡೆ ನೋಡಿ, “ಇವತ್ತಿನ ಬಟ್ಟೆ ಇನ್ನೊಂದು ಸಲ ಜಾಲಾಡಿ ಕಳಿಸಮ್ಮ. ಪೇಟೆಯವರಿಗೆ ಬರಬೇಡಿ ಅಂತೀನಿ” ಎಂದು ಹೊರಟುಹೋದರು. ಅಕ್ಕ ಗೋಡೆಗೆ ಒರಗಿದಳು.

ಮೇಡಂ ಮೇಲೆ ತೀರಿಸಿಕೊಳ್ಳಲಾಗದ್ದನ್ನು ಮೇಸ್ತ್ರಿ ನನ್ನ ಮೇಲೆ ತೀರಿಸಿಕೊಂಡ. “ನಾಳೆಯಿಂದ ಗೇಟಿನೊಳಗೆ ಕಾಲಿಟ್ಟು ನೋಡು. ಉಂಡ ಮನೆಗೆ ಎರಡು ಬಗೆಯೋ ಜಾತಿ! ಅಕ್ಕನ ಸೆರಗಿನ ಹಿಂದೆ ನಿಂತು ಸುಮ್ನಿದ್ದೀಯಲ್ಲೋ ಪಟಾಕಿ, ನೆನೆದು ಹೋದ್ಯಾ?”

ತಲೆಯೊಳಗೆ ಚುರ್ ಎಂದಿತು. ಒಂದೇ ನೆಗೆತಕ್ಕೆ ಅವನ ಕೊರಳಪಟ್ಟಿ ಸಿಗುತ್ತಿತ್ತು. ಕಾಲು ಎತ್ತಿದೆ. ಕೆಳಗೆ ನೋಡಿದೆ. ಅವನಿಗೂ ನನಗೂ ನಡುವೆ ಇದ್ದದ್ದು ಮಲಗಿಸಿದ ಸಾಲುಗಳು, ಮೂರು ಹೆಜ್ಜೆ ಅಗಲ. ಮರಳು ಇನ್ನೂ ಸಡಿಲವಾಗಿತ್ತು. ನೆಗೆದರೆ ಬಿಳಿಯ ಬೇರು ಪಟ್ಟನೆ ಮುರಿಯುತ್ತದೆ, ಆ ಸದ್ದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎತ್ತಿದ ಕಾಲನ್ನು ಬದಿಗಿಟ್ಟೆ. ಸುತ್ತಿಕೊಂಡು ಹೋಗಿ ಹೊಡೆಯೋಣ ಎಂದು ಹೊರಟೆ. ಸಾಲಿನ ಕೊನೆ ನೀರಿನ ಬಳಿ, ಎಂಬತ್ತು ಹೆಜ್ಜೆ. ಮುಷ್ಟಿ ಬಿಗಿಹಿಡಿದೇ ನಡೆದೆ. ಮೂವತ್ತನೆಯ ಹೆಜ್ಜೆಯಲ್ಲಿ ಒಂದು ಗೆಣ್ಣು ಮರಳಿನಿಂದ ಹೊರಗೆ ಬಂದು ಬಿಸಿಲಿಗೆ ಒಣಗುತ್ತಿತ್ತು. ಕೂತು ಮುಚ್ಚಿದೆ. ಮುಂದೆ ಇನ್ನೊಂದು. ಅದನ್ನೂ ಮುಚ್ಚಿದೆ. ಒಂದು ಗೂಟ ಸಡಿಲವಾಗಿತ್ತು, ಕಲ್ಲು ತಂದು ಬಡಿದೆ. ಗಾಳಿ ಬೆನ್ನ ಮೇಲೆ ಮರಳು ಹೊದಿಸುತ್ತಿತ್ತು, ಬೆಚ್ಚಗೆ, ನಿದ್ದೆ ಬರುವ ಹಾಗೆ. ಸಾಲು ಮುಗಿದು ಆಚೆ ಬದಿಯಿಂದ ತಿರುಗಿ ಬರುವಷ್ಟರಲ್ಲಿ ಮೇಸ್ತ್ರಿ ಇರಲಿಲ್ಲ. ಸಿಟ್ಟು ಇತ್ತು. ಅದು ಎಲ್ಲಿಗೂ ಹೋಗಿರಲಿಲ್ಲ, ಮುಷ್ಟಿ ಬಿಚ್ಚಿದಾಗ ಅಂಗೈ ತುಂಬ ಮರಳಿನ ಜೊತೆ ಅದೂ ಇತ್ತು.

“ಏನೋ, ವಾಕಿಂಗ್ ಮುಗೀತಾ?” ಎಂದು ಭಾವ ಗೋಡೆಯ ಆಚೆಯಿಂದ ಕೂಗಿದ. “ಬೇರೆ ಕೆಲಸ ಇಲ್ಲ ಅಂದ್ರೆ ಬಾ. ಇನ್ನೊಂದು ಸಲ ಜಾಲಾಡಬೇಕಂತೆ, ನಿನ್ನ ಅಕ್ಕ ಒಬ್ಬಳೇ ಹಿಂಡ್ತಿದಾಳೆ.”